ಸಿವಿಟಿ ಕಾರು ಬಾಳಿಕೆ ಬರಬೇಕಾ? ಬೆಲ್ಟ್ ಜಾರಬಾರದು, ಆಯಿಲ್ ಕಾಯಬಾರದು

ಹೊಸದಾಗಿ ಸಿವಿಟಿ (ಗೇರು ಅನುಪಾತ ಹಂತಗಳಿಲ್ಲದೆ ತಾನಾಗಿ ಬದಲಾಗುವ ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಕಾರು ತಗೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. ಆಕ್ಸಿಲರೇಟರ್ ಜೋರಾಗಿ ತುಳಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಒಂದು ಕ್ಷಣ ತಡವಾಗಿ ಏಳುತ್ತದೆ, ಏನಾದರೂ ಕೆಟ್ಟಿದೆಯಾ ಅಂತ. ಕೆಟ್ಟಿಲ್ಲ. ಈ ಗೇರ್‌ಬಾಕ್ಸ್ ಕೆಲಸ ಮಾಡುವುದೇ ಹಾಗೆ. ಒಳಗೆ ಏನಿದೆ ಅಂತ ಗೊತ್ತಾದರೆ ಹೇಗೆ ಓಡಿಸಬೇಕು, ಯಾವುದಕ್ಕೆ ಹೆದರಬೇಕು ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಜಾಝ್, ಅಮೇಜ್, 2022ಕ್ಕಿಂತ ಹಿಂದಿನ ಬಲೆನೊ ಮತ್ತು ಗ್ಲಾಂಝಾ, ಮ್ಯಾಗ್ನೈಟ್ ಟರ್ಬೊ, ಕೈಗರ್ ಟರ್ಬೊ, ನಮ್ಮ ರಸ್ತೆಯಲ್ಲಿ ಕಾಣುವ ಚಿಕ್ಕ ಸಿವಿಟಿ ಕಾರುಗಳಲ್ಲಿ ಹೆಚ್ಚಿನವು ಇವೇ. ಇವುಗಳಲ್ಲಿ ಒಂದನೇ ಗೇರು, ಎರಡನೇ ಗೇರು ಅಂತ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್, ಅಷ್ಟೇ. ಒಂದೊಂದು ಪುಲ್ಲಿಯೂ ಎದುರುಬದುರಾಗಿ ಇಟ್ಟ ಎರಡು ಶಂಕುಗಳ ಜೋಡಿ. ಆಯಿಲ್ ಒತ್ತಡ ಆ ಶಂಕುಗಳನ್ನು ಹತ್ತಿರ ತಂದರೆ ಬೆಲ್ಟ್ ಅಂಚಿನ ಕಡೆ ಏರುತ್ತದೆ, ದೂರ ಸರಿಸಿದರೆ ನಡುವಿಗೆ ಇಳಿಯುತ್ತದೆ. ಒಂದು ಪುಲ್ಲಿಯಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಹೀಗೆ ಗೇರು ಅನುಪಾತ ಎಲ್ಲೂ ಹಾರದೆ ಬದಲಾಗುತ್ತಾ ಹೋಗುತ್ತದೆ.

ಬೆಲ್ಟ್ ಅಂದರೆ ರಬ್ಬರ್ ಅಲ್ಲ. ಉಕ್ಕಿನ ಪಟ್ಟಿಗಳ ಮೇಲೆ ಸುಮಾರು 400 ತೆಳು ಉಕ್ಕಿನ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ, ಒಂದು ತುಂಡು ಮುಂದಿನದನ್ನು ತಳ್ಳುತ್ತಾ ಶಕ್ತಿ ಸಾಗಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಪುಲ್ಲಿಗೂ ಬೆಲ್ಟಿಗೂ ನಡುವೆ ಹಲ್ಲುಗಳಿಲ್ಲ. ಬರೀ ಒತ್ತಡದ ಹಿಡಿತ, ನಡುವೆ ತೆಳುವಾದ ಆಯಿಲ್ ಪದರ. ಆ ಹಿಡಿತ ತಪ್ಪಿ ಬೆಲ್ಟ್ ಜೋರಾಗಿ ಜಾರಿದರೆ ಪುಲ್ಲಿಯ ಮುಖದ ಮೇಲೆ ಗೀರು ಬೀಳುತ್ತದೆ. ಗೀರಿನ ಲೋಹದ ಪುಡಿ ಆಯಿಲ್‌ಗೆ ಸೇರಿ ವಾಲ್ವ್‌ಗಳಿಗೆ ಹೋಗುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಬೆಲ್ಟ್ ಇನ್ನಷ್ಟು ಜಾರುತ್ತದೆ. ಸಿವಿಟಿ ಸಾಯುವ ದಾರಿಗಳಲ್ಲಿ ಮುಖ್ಯವಾದದ್ದು ಇದು. ಆಯಿಲ್ ಜಾಸ್ತಿ ಕಾದರೆ, ಹಳೆಯದಾದರೆ ಇದೇ ದಾರಿಗೆ ಬೇಗ ಬರುತ್ತದೆ. ಕಂಪನಿಗಳೂ ಈ ಮಿತಿಯನ್ನು ಲೆಕ್ಕದಲ್ಲಿ ಇಟ್ಟಿರುತ್ತವೆ. ಮ್ಯಾಗ್ನೈಟ್ ಟರ್ಬೊ ಮ್ಯಾನುವಲ್‌ನಲ್ಲಿ 160 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಇದ್ದರೆ ಸಿವಿಟಿಯಲ್ಲಿ 152. 2018ರ ಅಮೇಜ್ ಡೀಸೆಲ್‌ನಲ್ಲಂತೂ ಮ್ಯಾನುವಲ್‌ಗೆ 200, ಸಿವಿಟಿಗೆ 160.

ಈಗ ಓಡಿಸುವ ವಿಷಯ. ಪೆಡಲನ್ನು ಪೂರ್ತಿ ತುಳಿಯುವ ಅಭ್ಯಾಸ ಬಿಡಿ. ಅರ್ಧಕ್ಕಿಂತ ಕಡಿಮೆ ತುಳಿದು ಹಾಗೇ ಹಿಡಿದರೆ ಆರ್‌ಪಿಎಂ ಮುಳ್ಳು ಒಂದು ಕಡೆ ನಿಲ್ಲುತ್ತದೆ, ವೇಗ ತಾನಾಗಿ ಏರುತ್ತಾ ಹೋಗುತ್ತದೆ. ಬೇಕಾದ ವೇಗ ಬಂದಮೇಲೆ ಕಾಲು ಸ್ವಲ್ಪ ಸಡಿಲ ಮಾಡಿ, ಎಂಜಿನ್ ಸದ್ದು ಇಳಿದು ಗಾಡಿ ಹಾಯಾಗಿ ಸಾಗುತ್ತದೆ. ಇದು ಕೈಗೆ ಹತ್ತಿದರೆ ಮೈಲೇಜೂ ಚೆನ್ನಾಗಿ ಬರುತ್ತದೆ. ಎರಡೇ ಲೇನ್ ಇರುವ ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕಬೇಕಾದರೆ ಮಾತ್ರ ಬೇರೆ ಲೆಕ್ಕ: ರಸ್ತೆ ಖಾಲಿ ಕಂಡ ಕೂಡಲೇ, ಇನ್ನೂ ಬಲಕ್ಕೆ ಹೊರಳುವ ಮುಂಚೆಯೇ ಎಸ್ (ಸ್ಪೋರ್ಟ್) ಮೋಡ್‌ಗೆ ಹಾಕಿ ಅಥವಾ ಪೆಡಲ್ ಒತ್ತಿ ಆರ್‌ಪಿಎಂ ಏರಿಸಿಕೊಳ್ಳಿ. ಬಲಕ್ಕೆ ಬಂದಮೇಲೆ ತುಳಿದರೆ ಆ ಒಂದು ಕ್ಷಣದ ತಡ ಎದುರಿನ ಲಾರಿ ಹತ್ತಿರ ಬರಲು ಸಾಕು.

ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್‌ನಲ್ಲಿ ಡಿ ಯಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದರೆ ಏನೂ ಆಗುವುದಿಲ್ಲ, ಹತ್ತು ಸೆಕೆಂಡಿಗೊಮ್ಮೆ ಡಿ, ಎನ್ ಅಂತ ಆಡಿಸುವುದು ಬೇಡ. ಸಿಗ್ನಲ್ ದೊಡ್ಡದು ಅಂತ ಗೊತ್ತಿದ್ದರೆ ಎನ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಆದರೆ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸೋಣ ಅಂತ ಎನ್ ಹಾಕಿ ಗಾಡಿ ಉರುಳಿಸಬೇಡಿ. ಡಿ ಯಲ್ಲಿ ಕಾಲು ತೆಗೆದು ಇಳಿಯುವಾಗ ಎಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ. ಎನ್ ಹಾಕಿದರೆ ಎಂಜಿನ್ ಐಡ್ಲಿಂಗ್‌ನಲ್ಲಿ ಉರಿಯಲೇಬೇಕು. ಅಂದರೆ ಉಳಿತಾಯವೂ ಇಲ್ಲ, ಗಾಡಿ ಹಿಡಿತದಲ್ಲೂ ಇರುವುದಿಲ್ಲ.

ಮಾಲ್ ಬೇಸ್‌ಮೆಂಟಿನ ರ‍್ಯಾಂಪ್ ಮೇಲೆ ಕ್ಯೂ ನಿಂತಾಗ ಬಹಳ ಜನ ಮಾಡುವ ಒಂದು ಕೆಲಸ ನೋಡಿದರೆ ನನಗೆ ಸಂಕಟವಾಗುತ್ತದೆ. ಗಾಡಿ ಹಿಂದೆ ಜಾರಬಾರದು ಅಂತ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನೇ ಹಗುರವಾಗಿ ಒತ್ತಿ ಗಾಡಿಯನ್ನು ನಿಂತಲ್ಲೇ ಹಿಡಿದಿರುತ್ತಾರೆ. ಆಗ ಎಂಜಿನ್ ಕೊಡುವ ಶಕ್ತಿಯೆಲ್ಲ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಒಳಗೆ ಆಯಿಲ್ ಕಾಯಿಸುವುದಕ್ಕೇ ಹೋಗುತ್ತದೆ. ಬ್ರೇಕ್ ಒತ್ತಿ ನಿಲ್ಲಿ. ಮುಂದಿನ ಗಾಡಿ ಪೂರ್ತಿ ಜಾಗ ಬಿಟ್ಟಮೇಲೆ ಒಂದೇ ಸಲ ಹೊರಡಿ. ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗಲೂ ಕ್ರಮ ಮುಖ್ಯ: ಬ್ರೇಕ್ ಒತ್ತಿ, ಎನ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ, ಮತ್ತೆ ಬ್ರೇಕ್ ಒತ್ತಿ ಪಿ ಹಾಕಿ. ನೇರವಾಗಿ ಪಿ ಹಾಕಿ ಕಾಲು ತೆಗೆದರೆ ಇಡೀ ಗಾಡಿಯ ಭಾರ ಒಳಗಿನ ಒಂದು ಚಿಕ್ಕ ಕೊಕ್ಕೆಯ ಮೇಲೆ ಬೀಳುತ್ತದೆ. ಡಿ ಯಿಂದ ಆರ್‌ಗೆ ಹೋಗುವಾಗ ಚಕ್ರ ಪೂರ್ತಿ ನಿಂತಿರಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಘಾಟಿ ಇಳಿಯುವಾಗ ಡಿ ಯನ್ನೇ ನಂಬಬೇಡಿ. ಆಗುಂಬೆಯ 14 ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ ಬರೀ ಬ್ರೇಕ್ ಮೇಲೆ ಇಳಿದವರ ಗಾಡಿ ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಹೊಡೆಯುತ್ತದೆ. ನಿಮ್ಮ ಕಾರಿನಲ್ಲಿ ಎಸ್ ಇರಲಿ, ಎಲ್ ಇರಲಿ, ಸ್ಟೀರಿಂಗ್ ಹಿಂದೆ ಪ್ಯಾಡಲ್ ಇರಲಿ, ಇಳಿಜಾರು ಶುರುವಾಗುವ ಮುಂಚೆಯೇ ಬಳಸಿ. ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಆರ್‌ಪಿಎಂ 3,500ರ ಆಸುಪಾಸಿಗೆ ಬಂದು ಸದ್ದಾದರೆ ಗಾಬರಿ ಬೇಡ, ಎಂಜಿನ್ ಅದಕ್ಕೆ ತಯಾರಾಗಿಯೇ ಇರುತ್ತದೆ. ಹತ್ತುವಾಗ ಪೆಡಲನ್ನು ಒಂದೇ ಸಮ ಇಡಿ. ಐದು ಜನ, ಡಿಕ್ಕಿ ತುಂಬಾ ಲಗೇಜು ಇದ್ದರೆ ಮೇಲೆ ಹತ್ತಿದಮೇಲೆ ಐದು ನಿಮಿಷ ಟೀ ಕುಡಿಯಿರಿ. ಗಾಡಿಗೂ ಒಳ್ಳೆಯದು.

ಮಳೆಗಾಲದ ಮಲೆನಾಡಿನವರಿಗೆ ಇನ್ನೊಂದು ಮಾತು. ತೋಟದ ದಾರಿಯ ಕೆಸರಿನಲ್ಲಿ ಚಕ್ರ ಹೂತಾಗ ಆಕ್ಸಿಲರೇಟರ್ ತುಳಿದು ಗಿರಗಿರ ತಿರುಗಿಸಬೇಡಿ. ಕೆಸರಿನಲ್ಲಿ ತಿರುಗುತ್ತಿದ್ದ ಚಕ್ರಕ್ಕೆ ತಟ್ಟನೆ ಕಲ್ಲೋ ಗಟ್ಟಿ ನೆಲವೋ ಸಿಕ್ಕರೆ ಆ ಹೊಡೆತ ನೇರ ಬೆಲ್ಟಿಗೆ ಬರುತ್ತದೆ. ಮೇಲೆ ಹೇಳಿದ ಗೀರು ಬೀಳುವುದು ಇಂಥ ಕ್ಷಣದಲ್ಲೇ. ಚಕ್ರದ ಕೆಳಗೆ ಸೋಗೆ, ಜಲ್ಲಿ, ಗೋಣಿಚೀಲ ಏನಾದರೂ ಹಾಕಿ, ಇಬ್ಬರು ತಳ್ಳಲಿ, ಪೆಡಲ್ ಹಗುರವಾಗಿರಲಿ. ದೊಡ್ಡ ಗುಂಡಿ, ಹಂಪ್ ಮೇಲೆ ಚಕ್ರ ಎಗರುವ ಹೊತ್ತಿಗೆ ತುಳಿಯದೆ ಇರುವುದೂ ಇದೇ ಕಾರಣಕ್ಕೆ.

ಇನ್ನು ಆಯಿಲ್. "ಸಾರ್, ಇದು ಲೈಫ್‌ಟೈಮ್ ಆಯಿಲ್, ಚೇಂಜ್ ಮಾಡೋದೇ ಬೇಡ" ಅನ್ನುವ ಮಾತು ಎಷ್ಟೋ ಕಡೆ ಕೇಳುತ್ತೀರಿ. ನಂಬಬೇಡಿ. ಸಿವಿಟಿ ಆಯಿಲ್‌ಗೆ ಎರಡು ಎದುರುಬದುರು ಕೆಲಸ ಇದೆ: ತಣ್ಣಗಿಟ್ಟು ಸವೆತ ತಡೆಯಬೇಕು, ಅದೇ ಹೊತ್ತಿಗೆ ಉಕ್ಕಿಗೆ ಉಕ್ಕು ಜಾರದಂತೆ ಹಿಡಿತವನ್ನೂ ಕೊಡಬೇಕು. ಆ ಗುಣ ಶಾಖಕ್ಕೆ ನಿಧಾನವಾಗಿ ಹೋಗುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕಷ್ಟದ ಬಳಕೆಗೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ನೋಡಿ, ಬೆಂಗಳೂರಿನ ನಿಂತು ಹೊರಡುವ ಟ್ರಾಫಿಕ್ಕು, ಬೇಸಿಗೆ, ಘಾಟಿ ಎಲ್ಲ ಕಷ್ಟದ ಬಳಕೆಯೇ. ನನ್ನನ್ನು ಕೇಳಿದರೆ, ಊರೊಳಗೇ ಜಾಸ್ತಿ ಓಡುವ ಗಾಡಿಗೆ 40,000 ಕಿ.ಮೀ. ದಾಟಿಸುವುದು ಬೇಡ. ಪುಸ್ತಕ ಅದಕ್ಕೂ ಮುಂಚೆ ಹೇಳಿದ್ದರೆ ಪುಸ್ತಕದ ಮಾತೇ ಸರಿ.

ಯಾವ ಆಯಿಲ್ ಅನ್ನುವುದರಲ್ಲಿ ರಾಜಿ ಇಲ್ಲ. ಈಗಿನ ಹೋಂಡಾಗಳಿಗೆ ಎಚ್‌ಸಿಎಫ್-2, ನಿಸ್ಸಾನ್‌ಗೆ ಎನ್‌ಎಸ್-3, ಹೀಗೆ ಒಂದೊಂದು ಕಂಪನಿಗೆ ಒಂದೊಂದು. ನಿಮ್ಮ ಮಾಡೆಲ್‌ಗೆ ಯಾವುದು ಅಂತ ಪುಸ್ತಕದಲ್ಲಿ ಇರುತ್ತದೆ. ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ ಇದಕ್ಕೆ ವಿಷ. ಜಾಬ್ ಕಾರ್ಡ್‌ನಲ್ಲಿ ಆಯಿಲ್ ಹೆಸರು ಬರೆಸಿ, ಸೀಲ್ ಇರುವ ಕ್ಯಾನ್ ನಿಮ್ಮ ಎದುರೇ ಒಡೆಯಲಿ. ಒಂದು ಸಲ ಡ್ರೈನ್ ಮಾಡಿದರೆ ಹಳೆಯದೆಲ್ಲ ಹೊರಗೆ ಬರುವುದಿಲ್ಲ, ಟಾರ್ಕ್ ಕನ್ವರ್ಟರ್ ಒಳಗೆ ಒಂದಷ್ಟು ಉಳಿಯುತ್ತದೆ, ಅದು ಸಹಜ. ಆಯಿಲ್ ತುಂಬಾ ಕಪ್ಪಾಗಿದ್ದರೆ ಸ್ವಲ್ಪ ಓಡಿಸಿ ಇನ್ನೊಂದು ಸಲ ಬದಲಿಸಿ. ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡುತ್ತೇವೆ ಅಂದರೆ ಬೇಡ ಅನ್ನಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ, ಆ ಬೋಲ್ಟಿನಲ್ಲಿ ಆಯಸ್ಕಾಂತ ಇದ್ದರೆ ಅದನ್ನು ನೀವೇ ನೋಡಿ: ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಮಾಮೂಲಿ ಸವೆತ, ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಒಳಗೆ ಏನೋ ಕೆರೆಯುತ್ತಿದೆ. ಲೆವೆಲ್ ನೋಡುವಾಗ ಆಯಿಲ್ ಪುಸ್ತಕ ಹೇಳಿದಷ್ಟು ಬಿಸಿಯಲ್ಲಿ ಇರಬೇಕು. ಜಾಸ್ತಿ ತುಂಬಿದರೆ ನೊರೆ ಬಂದು ಒತ್ತಡ ಕೆಡುತ್ತದೆ.

ಕೂಲೆಂಟ್ ಮರೆಯಬೇಡಿ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲನ್ನು ತಂಪು ಮಾಡುವುದು ಎಂಜಿನ್ ಕೂಲೆಂಟೇ. ರೇಡಿಯೇಟರ್ ಮಣ್ಣು ಹಿಡಿದು ಕೂತಿದ್ದರೆ ಸಿವಿಟಿಯೂ ಬೇಯುತ್ತದೆ.

ಏನು ಕಂಡರೆ ತಡಮಾಡಬಾರದು? ನಿಂತಲ್ಲಿಂದ ಹೊರಡುವಾಗ ಗಡಗಡ ನಡುಗುವುದು, ಡಿ ಅಥವಾ ಆರ್ ಹಾಕಿದಮೇಲೆ ಎರಡು ಮೂರು ಸೆಕೆಂಡ್ ಸುಮ್ನೆ ನಿಲ್ಲುವುದು, ವೇಗದ ಜೊತೆ ಏರುವ ಹೊಸ ಶಿಳ್ಳೆ ಸದ್ದು. ಎಲ್ಲಕ್ಕಿಂತ ಗಂಭೀರ ಅಂದರೆ ಪೆಡಲ್ ಒಂದೇ ಸಮ ಇದ್ದಾಗಲೂ ಆರ್‌ಪಿಎಂ ಮೇಲಕ್ಕೂ ಕೆಳಕ್ಕೂ ಹಾರುತ್ತಾ, ವೇಗ ಮಾತ್ರ ಏರದೆ ಇರುವುದು. ಮೊದಲು ಸ್ಕ್ಯಾನ್ ಮಾಡಿಸಿ, ಆಯಿಲ್ ನೋಡಿಸಿ, ಬ್ಯಾಟರಿ ವೋಲ್ಟೇಜನ್ನೂ ನೋಡಿಸಿ, ಬ್ಯಾಟರಿ ಸೋತಾಗ ಇಲ್ಲದ ದೋಷದ ಕೋಡ್‌ಗಳು ಬರುವುದುಂಟು. ನೇರ "ಗೇರ್‌ಬಾಕ್ಸ್ ಬದಲಿಸಬೇಕು" ಅಂದರೆ ಕೋಡ್ ಬರೆಸಿಕೊಂಡು ಇನ್ನೊಂದು ಕಡೆ ಕೇಳಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದಮೇಲೆ ಏರಿನಲ್ಲಿ ಒಮ್ಮೆ ಇದೇ ಲಕ್ಷಣಗಳನ್ನು ಹುಡುಕಿ. ಸಿವಿಟಿ ಆಯಿಲ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಗಾಡಿ ದಾರಿಯಲ್ಲಿ ನಿಂತೇ ಹೋದರೆ ಮುಂದಿನ ಚಕ್ರಗಳು ನೆಲ ಮುಟ್ಟಿಕೊಂಡು ಹಗ್ಗದಲ್ಲಿ ಎಳೆಸಬೇಡಿ. ಎಂಜಿನ್ ಆಫ್ ಇದ್ದಾಗ ಆಯಿಲ್ ಪಂಪ್ ತಿರುಗುವುದಿಲ್ಲ, ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದಾಗ "ಸಿವಿಟಿ ಕಾರು, ಫ್ಲಾಟ್‌ಬೆಡ್ಡೇ ಕಳಿಸಿ" ಅಂತ ಬಿಡಿಸಿ ಹೇಳಿ. ಹಾಗೆ ಹೇಳದಿದ್ದರೆ ಹುಕ್ ಹಾಕಿ ಎಳೆಯುವ ಗಾಡಿ ಬರಬಹುದು. ಹಾಗೇನಾದರೂ ಅದೇ ಬಂದರೆ, ಮುಂದಿನ ಎರಡೂ ಚಕ್ರ ಮೇಲೆತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟಿದ್ದಾರಾ ಅಂತ ನೋಡಿಕೊಂಡೇ ಹೊರಡಲು ಬಿಡಿ.