ಈಜಿಪ್ಟ್: ಟೂರ್ ಬಸ್ ಬರೋ ಮುಂಚೆ, ಪ್ಯಾಕೇಜ್ ಇಲ್ಲದೆ

ವೆಜ್ ಫ್ಯಾಮಿಲಿ ಕಟ್ಕೊಂಡು ಪ್ಯಾಕೇಜ್ ಇಲ್ಲದೆ ಈಜಿಪ್ಟಾ, ಆಗೋ ಮಾತಲ್ಲ ಅಂದವ್ರಿಗೆ ಮೊದಲು ಲೆಕ್ಕ. ಏಜೆಂಟ್ ಕೇಳಿದ್ದು ತಲೆಗೆ ಒಂದೂಮುಕ್ಕಾಲು ಲಕ್ಷ, ನಮಗೆ ಆಗಿದ್ದು ಫ್ಲೈಟ್ ಸೇರಿ ತೊಂಬತ್ತು ಸಾವಿರದ ಆಸುಪಾಸು.

ನಾನು ಮಾಡಿದ್ದು ಇಷ್ಟೇ, ಏನು ನೋಡ್ಬೇಕೋ ಅದರ ಪಕ್ಕದಲ್ಲೇ ಮಲಗೋದು. ಇದಕ್ಕೆ ಮುಂಚೆ ಕೈರೋ ಡೌನ್‌ಟೌನ್‌ನಲ್ಲಿ ರೂಮ್ ಹಿಡಿದು ಗೀಜಾದ ಪಿರಮಿಡ್‌ಗೆ ಹೋಗಿ ನೋಡಿದ್ವಿ, ಟ್ರಾಫಿಕ್ ದಾಟಿ ತಲುಪೋಷ್ಟರಲ್ಲಿ ಬಸ್ಸುಗಳೆಲ್ಲ ಬಂದಾಗಿತ್ತು, ತಲೆಗೆ 700 ಈಜಿಪ್ಟ್ ಪೌಂಡ್ ಕೊಟ್ಟು ಜನರ ಬೆನ್ನು ನೋಡ್ಕೊಂಡು ಬಂದ್ವಿ (ಪೌಂಡಿಗೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ರೂಪಾಯಿ). ಟಿಕೆಟ್ ಕೌಂಟರ್‌ನಲ್ಲಿ ಕ್ಯಾಶ್ ತಗೊಳಲ್ಲ, ಎರಡು ಕಾರ್ಡ್ ಇಟ್ಕೊಂಡಿರಿ, ನಮ್ದು ಒಂದು ಓಡ್ಲಿಲ್ಲ.

ಲಕ್ಸರ್‌ನಲ್ಲಿ ಎಲ್ರೂ ಪೂರ್ವ ದಂಡೆಲಿ ಉಳ್ಕೊತಾರೆ, ನಾವು ನೈಲ್ ದಾಟಿ ಪಶ್ಚಿಮ ದಂಡೆಲಿ ಉಳಿದ್ವಿ, ರೂಮೂ ಅಗ್ಗ. ಬೆಳಗ್ಗೆ ಆರಕ್ಕೆಲ್ಲ, ಅದೇ ದಂಡೆಲಿ ಫೇರೋ ರಾಜರ ಸಮಾಧಿಗಳಿರೋ ರಾಜರ ಕಣಿವೆ ಗೇಟಲ್ಲಿ. ಟಿಕೆಟ್ 750 ಪೌಂಡ್ ಇರ್ಬೇಕು, ಅದ್ರಲ್ಲಿ ಮೂರು ಸಮಾಧಿ, ಟುಟಾಂಖಾಮನ್‌ದಕ್ಕೆ ಬೇರೆ ದುಡ್ಡು. ಹುರ್ಘಾದಾ ಅನ್ನೋ ಬೀಚ್ ಊರಿಂದ ಟೂರ್ ಬಸ್ಸುಗಳು ಬರೋಷ್ಟರಲ್ಲಿ ನಾವು ಸೈಕಲ್ ಬಾಡಿಗೆಗೆ ತಗೊಂಡು ಮೆದಿನೆತ್ ಹಾಬು ಕಡೆ ಹೊರಟಾಗಿತ್ತು. ಆ ಗುಡಿ ಬಿಡಬೇಡಿ, ಕೆತ್ತನೆ ಅಷ್ಟು ಆಳ, ಚಾವಣಿಲಿ ಬಣ್ಣ ಇನ್ನೂ ಇದೆ.

ನಂಗೆ ಹೆಮ್ಮೆ ಇರೋದು ಅಬು ಸಿಂಬೆಲ್ ಬಗ್ಗೆ, ಫೇರೋ ರಾಮ್ಸೆಸ್ ಕಟ್ಟಿಸಿದ ಗುಡಿ. ಅಸ್ವಾನ್‌ನಿಂದ 280 ಕಿಲೋಮೀಟರ್ ಮರುಭೂಮಿ, ಎಲ್ರೂ ಬೆಳಗಿನ ಜಾವ ನಾಲ್ಕು ಗಂಟೆಗೆ ವ್ಯಾನ್ ಹತ್ತಿ ಹೋಗಿ, ಅಲ್ಲಿ ಎರಡು ಗಂಟೆ ಇದ್ದು ವಾಪಸ್. ಅಲ್ಲಿ ರಾತ್ರಿ ಉಳಿಯೋದು ದಂಡ ಅಂದ್ರು. ಉಳಿದ್ವಿ. ರಾಮ್ಸೆಸ್ ವಿಗ್ರಹಗಳು ಪೂರ್ವಕ್ಕಿವೆ, ಮೊದಲ ಬಿಸಿಲು ಮುಖಕ್ಕೇ ಬೀಳುತ್ತೆ, ನಾವು ಬಿಟ್ರೆ ನಾಲ್ಕೈದು ಜನ. ಅಣೆಕಟ್ಟಿನ ನೀರಲ್ಲಿ ಮುಳುಗದ ಹಾಗೆ 1964ರಿಂದ 68ರವರೆಗೆ ಕಲ್ಲು ಕೊಯ್ದು ಸುಮಾರು 65 ಮೀಟರ್ ಮೇಲಕ್ಕೆ ತಂದು ಜೋಡಿಸಿದ ಗುಡಿ ಅದು, ಜೋಡಣೆ ಗೆರೆ ಕಣ್ಣಿಗೆ ಸಿಗೋಕೆ ಆ ಪುರುಸೊತ್ತು ಬೇಕೇ ಬೇಕು. ಗೆಸ್ಟ್‌ಹೌಸ್ ಹೆಸರು ಮಾತ್ರ ಹೇಳಲ್ಲ, ಇರೋದೇ ಕೆಲವು ರೂಮು, ಮತ್ತೆ ಹೋಗೋದಿದೆ.

ಊಟಕ್ಕೆ ಕೊಶರಿ, ಅನ್ನ ಬೇಳೆ ಮ್ಯಾಕರೋನಿ ಕಡಲೆ ಮೇಲೆ ಹುರಿದ ಈರುಳ್ಳಿ, ಐವತ್ತು ಪೌಂಡಿಗೆ ಹೊಟ್ಟೆ ತುಂಬುತ್ತೆ. ಬೆಳಗ್ಗೆ ತಾಮಿಯಾ, ಕಾಳು ರುಬ್ಬಿ ಕರಿದ ವಡೆ ಥರ, ಅದಕ್ಕೆ ನಮ್ಮ ಚಟ್ನಿಪುಡಿ ಹಾಕಿ ಕೊಟ್ರೆ ಅಂಗಡಿಯವನೂ ಇನ್ನೊಂದು ಸಲ ಕೇಳಿದ. ಅಸ್ವಾನ್ ಬಜಾರಲ್ಲಿ ಒಣ ಕರ್ಕಡೆ ಹೂವು ಅರ್ಧ ಕೆಜಿ ತಂದೆ, ನಮ್ಮ ಪುಂಡಿಪಲ್ಯದ ಜಾತಿ ಗಿಡದ್ದೇ, ಹುಣಸೆ ಬಿಟ್ಟು ಅದನ್ನೇ ನೆನೆಸಿ ಸಾರು ಮಾಡ್ದೆ, ಬಣ್ಣ ಕಡುಕೆಂಪು, ಹುಳಿ ಸರಿಯಾಗೇ ಬಂತು, ಬೆಲ್ಲ ಸ್ವಲ್ಪ ಜಾಸ್ತಿ ಬೇಕು.

ಕೈರೋದ ಖಾನ್ ಅಲ್ ಖಲೀಲಿ ಬಜಾರಲ್ಲಿ ನೋಡಿ ಅಷ್ಟೆ, ಕೊಳ್ಳೋಕೆ ಬಾಬ್ ಜುವೈಲಾ ಅನ್ನೋ ಹಳೇ ಕೋಟೆ ಬಾಗಿಲು ದಾಟಿ ಖಯಾಮಿಯಾ ಬೀದಿಗೆ ಹೋಗಿ, ಅಲ್ಲಿ ಬಟ್ಟೆ ಮೇಲೆ ಬಟ್ಟೆ ಇಟ್ಟು ಹೊಲಿಯೋರು ಕಣ್ಣೆದುರಿಗೇ ಕೂತಿರ್ತಾರೆ. ದಿಂಬಿನ ಕವರಿಗೆ 600 ಹೇಳಿದ್ರು, 350ಕ್ಕೆ ಕೊಟ್ರು, ಅದಕ್ಕಿಂತ ಇಳಿಸೋಕೆ ನಂಗೇ ಮನಸ್ಸಾಗ್ಲಿಲ್ಲ, ಆ ಹೊಲಿಗೆ ನೋಡಿದ್ಮೇಲೆ.