ಮರಿಗೆ ಈ ಬಣ್ಣ ಎಲ್ಲಿಂದ ಬಂತು? ಜವಾರಿ ಕೋಳಿಯ ಮಿಶ್ರತಳಿಯಲ್ಲಿ ಮೂಲ ಹುಡುಕುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಅಪ್ಪಟ ಜವಾರಿ (ನಾಟಿ) ಕೋಳಿಗಳಷ್ಟೇ ಇರುವ ಹಿತ್ತಲು ಈಗ ಅಪರೂಪ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಚರ್ಮವೂ ಮಾಂಸವೂ ಕಪ್ಪಾಗಿರುವ, ಮಧ್ಯಪ್ರದೇಶದ ಝಾಬುವಾ ಮೂಲದ ಕಡಕನಾಥ, ಫಾರ್ಮಿನಿಂದ ಸಂತೆಗೆ ಬಂದ ಬಿಳಿ ಲೆಗ್‌ಹಾರ್ನ್ ಎಲ್ಲವೂ ಒಂದೇ ತಿಪ್ಪೆಯನ್ನು ಕೆದಕುತ್ತಿರುತ್ತವೆ. ಹೀಗಿರುವಾಗ ಕರಿ ಹೇಂಟೆಗೂ ಕೆಂಪು ಹುಂಜಕ್ಕೂ ಹುಟ್ಟಿದ ಮರಿಗಳ ನಡುವೆ ಒಂದು ಬಿಳಿಯದು, ಇನ್ನೊಂದು ಅಡ್ಡಪಟ್ಟಿಯದು ಕಾಣಿಸಿಕೊಂಡರೆ ಮನೆಯವರು ಬೆರಗಾಗುವುದು ಸಹಜ. ಆದರೆ ಈ ಎರಡು ಮರಿಗಳ ಕಥೆ ಬೇರೆ ಬೇರೆ. ಬಿಳಿ ಬಣ್ಣವು ಎಷ್ಟೋ ತಲೆಮಾರು ಕಾಣಿಸದೆ ಅಡಗಿರಬಲ್ಲದು. ಅಡ್ಡಪಟ್ಟಿ ಕರಿ ಪುಕ್ಕದ ಕೋಳಿಯಲ್ಲಿ ಅಡಗಿರಲಾರದು. ಯಾವ ಬಣ್ಣ ಅಡಗುತ್ತದೆ, ಯಾವುದು ಅಡಗುವುದಿಲ್ಲ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಪ್ಪ ಯಾರೆಂದು ಖಚಿತಪಡಿಸಿಕೊಳ್ಳಿ

ವಂಶವಾಹಿಯ ಲೆಕ್ಕಕ್ಕೆ ಇಳಿಯುವ ಮೊದಲು ಹುಂಜದ ಲೆಕ್ಕ ಸರಿಯಾಗಬೇಕು. ಹೇಂಟೆಯ ದೇಹದೊಳಗೆ ವೀರ್ಯವು ಎರಡರಿಂದ ಮೂರು ವಾರ ಜೀವಂತವಾಗಿ ಉಳಿಯುತ್ತದೆ. ಆದ್ದರಿಂದ ಹಳೆಯ ಹುಂಜವನ್ನು ಮಾರಿ ಹೊಸದನ್ನು ತಂದ ವಾರದಲ್ಲಿ ಆಯ್ದ ತತ್ತಿಗಳಿಂದ ಹಳೆಯ ಹುಂಜದ ಮರಿಗಳೂ ಹೊರಬರಬಹುದು. ನಾನು ಕಂಡಂತೆ ‘ವಿಚಿತ್ರ ಬಣ್ಣ’ದ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ಬಗೆಹರಿಯುತ್ತವೆ, ಉಳಿದವಕ್ಕೆ ಬೇಲಿ ಹಾರಿ ಬರುವ ಪಕ್ಕದ ಮನೆಯ ಹುಂಜ ಉತ್ತರ ಕೊಡುತ್ತದೆ. ಪರೀಕ್ಷೆ ಮಾಡುವವರು ಹೇಂಟೆಯನ್ನು ಕನಿಷ್ಠ ಮೂರು ವಾರ ಹುಂಜವಿಲ್ಲದೆ ಬೇರೆ ಗೂಡಿನಲ್ಲಿಟ್ಟು, ಅನಂತರ ಬೇಕಾದ ಹುಂಜವೊಂದನ್ನೇ ಬಿಡಬೇಕು. ಒಂದೆರಡು ವಾರ ಕಳೆದ ಮೇಲಿನ ತತ್ತಿಗಳನ್ನು ಮಾತ್ರ ಆರಿಸಿ, ಅವುಗಳ ಮೇಲೆ ಪೆನ್ಸಿಲ್‌ನಿಂದ ದಿನಾಂಕವನ್ನೂ ಹೇಂಟೆಯ ಗುರುತನ್ನೂ ಬರೆದು, ಒಂದು ವಾರದೊಳಗೆ ಕಾವಿಗೆ ಇಡಬೇಕು.

ಇದಕ್ಕೆ ಚಳಿಗಾಲವೇ ಸೂಕ್ತ. ಏಪ್ರಿಲ್, ಮೇ ತಿಂಗಳ ವಿಜಯಪುರದ ಸೆಖೆಯಲ್ಲಿ ಹೊರಗಿಟ್ಟ ತತ್ತಿಯೊಳಗೆ ಕಾವಿಗೆ ಮೊದಲೇ ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ಇಪ್ಪತ್ತೊಂದನೆಯ ದಿನ ಒಡೆದ ಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿ, ಕಾಲು ದಪ್ಪವಾದಂತೆ ಅದನ್ನು ಸಡಿಲಿಸುತ್ತಿರಬೇಕು.

ಅಡ್ಡಪಟ್ಟಿಯನ್ನು ಓದುವುದು

ವಂಶವಾಹಿಗಳನ್ನು ಹೊತ್ತ ಎಳೆಗಳೇ ವರ್ಣತಂತುಗಳು. ಹುಂಜಕ್ಕೆ ಎರಡು ಝಡ್ ವರ್ಣತಂತುಗಳಿದ್ದರೆ ಹೇಂಟೆಗೆ ಒಂದೇ ಝಡ್, ಜೊತೆಗೊಂದು ಡಬ್ಲ್ಯು. ಅಡ್ಡಪಟ್ಟಿಯ ವಂಶವಾಹಿ ಇರುವುದು ಝಡ್ ಮೇಲೆ; ಅದರ ಒಂದು ಪ್ರತಿ ಇದ್ದರೂ ಪಟ್ಟಿ ಕಾಣುತ್ತದೆ. ಹೇಂಟೆ ತನ್ನ ಝಡ್ ಅನ್ನು ಗಂಡುಮರಿಗಳಿಗೆ ಮಾತ್ರ ಕೊಡುವುದರಿಂದ, ಕಪ್ಪು ಬಿಳುಪಿನ ಅಡ್ಡಪಟ್ಟಿಯ ಹೇಂಟೆಗೆ ಪಟ್ಟಿಯಿಲ್ಲದ ಕರಿ ಹುಂಜವನ್ನು ಕೂಡಿಸಿದರೆ ಗಂಡುಮರಿಗಳೆಲ್ಲ ಪಟ್ಟಿಯವಾಗುತ್ತವೆ, ಹೆಣ್ಣುಮರಿಗಳೆಲ್ಲ ಕರಿಯವಾಗುತ್ತವೆ. ಒಂದು ದಿನದ ಮರಿಯನ್ನು ಅಂಗೈಯಲ್ಲಿ ಹಿಡಿದು ನೆತ್ತಿ ನೋಡಿ: ಕರಿ ತುಪ್ಪಳದ ನಡುವೆ ಮಬ್ಬು ಬಿಳಿಯ ಚುಕ್ಕೆ ಇದ್ದರೆ ಅದು ಗಂಡು, ನೆತ್ತಿ ಪೂರ್ತಿ ಕರಿಯಾಗಿದ್ದರೆ ಹೆಣ್ಣು. ಜೋಡಿಯನ್ನು ತಿರುಗಿಸಿ, ಎರಡೂ ಝಡ್‌ನಲ್ಲಿ ಪಟ್ಟಿಯಿರುವ ಹುಂಜಕ್ಕೆ ಕರಿ ಹೇಂಟೆ ಕೂಡಿಸಿದರೆ ಮರಿಗಳೆಲ್ಲ ಪಟ್ಟಿಯವೇ ಆಗುವುದರಿಂದ ಈ ಗುರುತು ಸಿಗುವುದಿಲ್ಲ. ಬೆನ್ನ ಮೇಲೆ ಅಳಿಲಿನಂತೆ ಕಂದು ಗೆರೆಗಳಿರುವ ಜವಾರಿ ಮರಿಗಳಲ್ಲಿಯೂ ನೆತ್ತಿಯ ಚುಕ್ಕೆಯನ್ನು ನಂಬುವಂತಿಲ್ಲ.

ಹಾಗಾದರೆ ಪಟ್ಟಿಯ ಕೋಳಿಯೇ ಇಲ್ಲದ ಹಿತ್ತಲಿನಲ್ಲಿ ಅದು ಮೂಡಿದ್ದು ಹೇಗೆ? ಹಿಂಡಿನಲ್ಲಿ ಬಿಳಿ ಕೋಳಿ ಇದ್ದರೆ ಅದನ್ನು ಮೊದಲು ಶಂಕಿಸಿ.

ಬಿಳಿ ಒಂದೇ ಬಗೆಯಲ್ಲ

ಬಿಳಿ ಲೆಗ್‌ಹಾರ್ನ್‌ನ ಬಿಳುಪು ಪ್ರಬಲವಾದುದು, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಕಾಣುವಂಥದ್ದು. ಅದು ಕಪ್ಪನ್ನು ತಡೆಯುತ್ತದೆ, ಕೆಂಪನ್ನು ಅಷ್ಟಾಗಿ ತಡೆಯದು. ಆದ್ದರಿಂದ ಅದರ ಮಿಶ್ರ ಮರಿಗಳು ಬಿಳಿಯಾಗಿದ್ದರೂ ಅಲ್ಲಲ್ಲಿ ಕರಿ ಚುಕ್ಕೆ ಉಳಿಸಿಕೊಂಡಿರುತ್ತವೆ, ಕೆಲವಕ್ಕೆ ಎದೆ, ರೆಕ್ಕೆಗಳ ಮೇಲೆ ಕೆಂಪು ಮಾಸಲು ಕಾಣುತ್ತದೆ. ಈ ಬಿಳುಪಿನ ಕೆಳಗೆ ಅನೇಕ ಲೆಗ್‌ಹಾರ್ನ್‌ಗಳು ಅಡ್ಡಪಟ್ಟಿಯನ್ನೂ ಹೊತ್ತಿರುತ್ತವೆ. ಮಿಶ್ರ ಮರಿಗಳು ತಮ್ಮತಮ್ಮಲ್ಲೇ ಕೂಡಿದಾಗ ಹುಟ್ಟುವವುಗಳಲ್ಲಿ ಸುಮಾರು ಕಾಲು ಭಾಗ ಮರಿಗಳಿಗೆ ಕಪ್ಪನ್ನು ತಡೆಯುವ ಈ ಬಿಳುಪಿನ ವಂಶವಾಹಿ ಬರುವುದಿಲ್ಲ. ಆಗ ಅಡಗಿದ್ದ ಪಟ್ಟಿ ಬೆಳಕಿಗೆ ಬರುತ್ತದೆ.

ಇನ್ನೊಂದು ಬಿಳುಪು ಅಪ್ರಬಲವಾದುದು. ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಬಣ್ಣದ ಜೋಡಿಗೆ ಬಿಳಿ ಮರಿ ಹುಟ್ಟಿತೆಂದರೆ, ಅಪ್ಪನ ಗುರುತು ಖಚಿತವಾಗಿದ್ದ ಪಕ್ಷದಲ್ಲಿ, ಇಬ್ಬರೂ ಅದನ್ನು ಗುಟ್ಟಾಗಿ ಹೊತ್ತಿದ್ದಾರೆ ಎಂದೇ ಅರ್ಥ. ಅಂಥ ಜೋಡಿಯಲ್ಲಿ ನಾಲ್ಕಕ್ಕೊಂದು ಬಿಳಿ ಎಂಬುದು ನೂರಾರು ಮರಿಗಳ ಸರಾಸರಿಯೇ ಹೊರತು, ಬುಟ್ಟಿಯಡಿಯ ಎಂಟು ಮರಿಗಳಲ್ಲಿ ಎರಡು ಬಿಳಿ ಇರಲೇಬೇಕೆಂಬ ಕರಾರಲ್ಲ.

ಕರಿ ಮತ್ತು ಬೂದುನೀಲಿಯ ಲೆಕ್ಕ ಸರಳ. ಕಪ್ಪನ್ನು ತಿಳಿಗೊಳಿಸುವ ವಂಶವಾಹಿಯೊಂದರ ಒಂದೇ ಪ್ರತಿ, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ, ಬಂದಾಗ ಬೂದುನೀಲಿ ಮೂಡುತ್ತದೆ. ಬೂದುನೀಲಿಯ ಎರಡು ಕೋಳಿಗಳನ್ನು ಕೂಡಿಸಿದರೆ ಕಾಲು ಭಾಗ ಕರಿ, ಅರ್ಧ ಬೂದುನೀಲಿ, ಉಳಿದ ಕಾಲು ಭಾಗ ಬಿಳಿಯ ಮೇಲೆ ಬೂದು ಚಿಮುಕಿಸಿದ ಮರಿಗಳು.

ಕಡಕನಾಥದ ಸಂಗತಿ

2018ರಲ್ಲಿ ಝಾಬುವಾದ ಕಡಕನಾಥ ಮಾಂಸಕ್ಕೆ ಭೌಗೋಳಿಕ ಸೂಚ್ಯಂಕ ದೊರೆತ ಮೇಲೆ ಇದರ ಮಿಶ್ರಣವೂ ಹೆಚ್ಚಿದೆ. ಕರಿ ಚರ್ಮದ ವಂಶವಾಹಿ ಪ್ರಬಲವೇ ಆದರೂ, ಅದನ್ನು ಅದುಮುವ ಇನ್ನೊಂದು ವಂಶವಾಹಿ ಝಡ್ ಮೇಲಿದೆ; ಅದು ತಿಳಿಕಾಲಿನ ಕೋಳಿಗಳಲ್ಲಿರುತ್ತದೆ, ಕಡಕನಾಥದಲ್ಲಿ ಇರುವುದಿಲ್ಲ. ಕಡಕನಾಥ ಹುಂಜವನ್ನು ತಿಳಿಕಾಲಿನ ಹೇಂಟೆಗೆ ಬಿಟ್ಟರೆ ಹೆಣ್ಣುಮರಿಗಳ ಚರ್ಮ ಕಪ್ಪಾಗಿಯೂ ಗಂಡುಮರಿಗಳದ್ದು ತಿಳಿಯಾಗಿಯೂ ಇರುತ್ತದೆ. ತಿಳಿಕಾಲಿನ ಹುಂಜಕ್ಕೆ ಕಡಕನಾಥ ಹೇಂಟೆ ಕೂಡಿಸಿದರೆ ಮರಿಗಳೆಲ್ಲ ತಿಳಿಯತ್ತ ಸಾಗುತ್ತವೆ. ಆದ್ದರಿಂದ ಪುಕ್ಕ ಕಪ್ಪಾಗಿದೆ ಎಂದಷ್ಟಕ್ಕೆ ಕಡಕನಾಥದ ಬೆಲೆ ಕೊಡಬಾರದು; ರೆಕ್ಕೆಯಡಿಯ ಚರ್ಮ, ಜುಟ್ಟು, ನಾಲಿಗೆಗಳನ್ನು ನೋಡಬೇಕು.

ತೀರ್ಮಾನಕ್ಕೆ ಅವಸರ ಬೇಡ

ಕರಿ ಮರಿಗಳ ಹೊಟ್ಟೆಯೂ ರೆಕ್ಕೆಯ ತುದಿಯೂ ಮೊದಲ ಪುಕ್ಕದಲ್ಲಿ ಬೆಳ್ಳಗಿರುವುದು ಸಾಮಾನ್ಯ. ಪುಕ್ಕ ಉದುರಿ ಹೊಸದು ಬಂದಾಗ ಅದು ಮಾಯವಾಗುತ್ತದೆ. ಹುಂಜದ ಕುತ್ತಿಗೆಯ ಹೊನ್ನುಬಣ್ಣವೂ ಬೆನ್ನಿನ ಕೆಂಪೂ ಪೂರ್ತಿ ತುಂಬಲು ಐದಾರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿ ತಿಂಗಳು ಮೊಬೈಲ್‌ನಲ್ಲಿ ಒಂದೊಂದು ಫೋಟೊ ತೆಗೆದಿಟ್ಟರೆ ಹೋಲಿಕೆಗೆ ಅನುಕೂಲ.

ಬಿಳಿ ಹುಂಜದ ಬಿಳುಪು ಯಾವ ಬಗೆಯದು ಎಂಬ ಅನುಮಾನ ಉಳಿದರೆ, ಬೇರೆ ಮನೆಯಿಂದ ತಂದ ಕರಿ ಜವಾರಿ ಹೇಂಟೆಗೆ ಅದನ್ನು ಕೂಡಿಸಿ ನೋಡಬಹುದು. ಮರಿಗಳೆಲ್ಲ ಬಣ್ಣದವಾದರೆ ಹುಂಜದ್ದು ಅಪ್ರಬಲ ಬಿಳುಪು, ಎಲ್ಲವೂ ಬಿಳಿಯಾದರೆ ಲೆಗ್‌ಹಾರ್ನ್‌ನ ಬಗೆಯದು. ಎರಡೂ ಬೆರೆತು ಬಂದರೆ ಹುಂಜ ಸ್ವತಃ ಮಿಶ್ರತಳಿಯದ್ದಾಗಿರಬಹುದು, ಇಲ್ಲವೇ ತಂದ ಹೇಂಟೆಯೂ ಅಪ್ರಬಲ ಬಿಳುಪನ್ನು ಹೊತ್ತಿರಬಹುದು. ಈ ಪರೀಕ್ಷೆಗೆ ಅದೇ ಹುಂಜದ ಹೆಣ್ಣುಮಕ್ಕಳನ್ನು ಬಳಸಿದರೆ ಸ್ಪಷ್ಟ ಉತ್ತರ ಸಿಗದು, ಏಕೆಂದರೆ ಅವು ಅಪ್ಪನ ಅಪ್ರಬಲ ಬಿಳುಪನ್ನು ಗುಟ್ಟಾಗಿ ಹೊತ್ತಿರಬಹುದು. ರಕ್ತಸಂಬಂಧದ ಕೂಡಿಕೆ ಮುಂದುವರಿದರೆ ತತ್ತಿ ಒಡೆಯುವ ಪ್ರಮಾಣ ಮೊದಲು ಕುಸಿಯುತ್ತದೆ, ಬಳಿಕ ಮರಿಗಳ ಕಸುವು ಕುಗ್ಗುತ್ತದೆ.