ಸಿಂಗಪುರದಲ್ಲಿ ಒಂದು ದಿನ: ನೀಲಿ ಮೆಟ್ರೊ ಹಿಡಿದು ಸುತ್ತುವುದು ಹೇಗೆ?

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಸಿಂಗಪುರ ಪ್ರವಾಸಕ್ಕೆ ಹೊರಡುವವರಿದ್ದಾರೆ. ಟೂರಿನವರು ‘ನಿಮ್ಮ ಪಾಡಿಗೆ ಸುತ್ತಿ’ ಎಂದು ಬಿಡುವ ದಿನವೊಂದು ಹೋಟೆಲ್ ಪಕ್ಕದ ಮಾಲ್‌ನಲ್ಲೇ ಕಳೆದುಹೋಗಬಾರದು. ತೋಟ ಬಲ್ಲವರಿಗೆ ಆ ಊರಿನಲ್ಲಿ ನೋಡುವುದು ಬಹಳ ಇದೆ. ಉಪಾಯ ಇಷ್ಟೇ: ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿರುವ ಡೌನ್‌ಟೌನ್ ಲೈನ್ ಮೆಟ್ರೊ ಒಂದನ್ನೇ ನಂಬಿ.

ಊರು ಬಿಡುವ ಮೊದಲು ಒಂದೆರಡು ಕೆಲಸ. ವೀಸಾ ಇದ್ದರೂ, ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಸರ್ಕಾರಿ ತಾಣದಲ್ಲಿ ಇದು ಉಚಿತ. ದುಡ್ಡು ಕೇಳುವ ತಾಣಗಳ ಬಳಿ ಹೋಗಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಇದ್ದರೆ ಮೆಟ್ರೊ ಟಿಕೆಟ್ಟೇ ಬೇಡ; ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನೇ ತಾಗಿಸಿದರಾಯಿತು. ಆದರೆ ಒಬ್ಬರಿಗೆ ಒಂದು ಕಾರ್ಡ್, ಗಂಡ ಹೆಂಡತಿಗೆ ಸೇರಿ ಒಂದು ನಡೆಯದು. ಕವಳದ ಸಂಚಿ ಮನೆಯಲ್ಲೇ ಇರಲಿ. ಜಗಿಯುವ ತಂಬಾಕು, ಗುಟ್ಕಾ, ಚ್ಯೂಯಿಂಗ್ ಗಮ್ ಅಲ್ಲಿಗೆ ಒಯ್ಯುವಂತಿಲ್ಲ, ರಸ್ತೆಯಲ್ಲಿ ಉಗುಳಿದರೆ ದಂಡ. ಮೆಟ್ರೊದೊಳಗೆ ತಿಂದರೂ ಕುಡಿದರೂ ದಂಡವೇ.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ವರ್ಷವಿಡೀ ಬೆಳಗಾಗುವುದು ಸುಮಾರು ಏಳಕ್ಕೆ, ಕತ್ತಲಾಗುವುದೂ ಏಳರ ಆಸುಪಾಸಿಗೆ. ಬೆಳಕಾದ ಕೂಡಲೇ ಬೊಟಾನಿಕ್ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿಯಿರಿ. ಬಿಸಿಲೇರಿದ ಮೇಲೆ ಸೆಕೆ ತಡೆಯಲಾಗದು. 1859ರಲ್ಲಿ ಶುರುವಾದ ಈ ಸಸ್ಯೋದ್ಯಾನ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಯಿತು. ಪ್ರವೇಶ ಉಚಿತ. ರಬ್ಬರ್ ಹಾಕಿದ ಮಲೆನಾಡಿಗರಂತೂ ಇದನ್ನು ತಪ್ಪಿಸಲೇಬಾರದು. ಬ್ರೆಜಿಲ್ ಮೂಲದ ರಬ್ಬರ್ ಸಸಿಗಳು 1877ರಲ್ಲಿ ಇಲ್ಲಿಗೆ ಬಂದವು. 1888ರಲ್ಲಿ ನಿರ್ದೇಶಕರಾಗಿ ಬಂದ ಹೆನ್ರಿ ರಿಡ್ಲೆ, ಮರಕ್ಕೆ ಪೆಟ್ಟಾಗದಂತೆ ತೊಗಟೆಯನ್ನು ಓರೆಯಾಗಿ ಕೆತ್ತಿ ಮತ್ತೆ ಮತ್ತೆ ಹಾಲು ಇಳಿಸುವ ಕ್ರಮವನ್ನು ಇದೇ ತೋಟದಲ್ಲಿ ರೂಢಿಸಿದರು. ಇಂದು ನಮ್ಮ ಗುಡ್ಡಗಳಲ್ಲಿ ಬೆಳಗಿನ ಜಾವ ನಡೆಯುವ ಟ್ಯಾಪಿಂಗ್‌ನ ಬೇರು ಅಲ್ಲಿದೆ. ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಶುಂಠಿ ತೋಟ ಸಿಗುತ್ತದೆ. ಏಲಕ್ಕಿ, ಅರಿಶಿನದ ಬಳಗದ ಗಿಡಗಳು ಎಷ್ಟು ಬಗೆಯ ಹೂ ಬಿಡುತ್ತವೆ ಎಂದು ಅಲ್ಲಿ ನೋಡಬೇಕು. ಪಕ್ಕದ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ನಮ್ಮ ಕಾಡಿನ ಸೀತಾಳೆ ದಂಡೆಯನ್ನು ಕಂಡು ಹಿಗ್ಗಿದವರು ಆ ದುಡ್ಡಿಗೆ ಹಿಂಜರಿಯಬೇಡಿ.

ಮಧ್ಯಾಹ್ನದ ಊಟಕ್ಕೆ ಅದೇ ಲೈನಿನಲ್ಲಿ ಮೂರನೆಯ ನಿಲ್ದಾಣ, ಲಿಟ್ಲ್ ಇಂಡಿಯಾ. ಸೆರಂಗೂನ್ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲ್‌ಗಳಿಗೆ ಕೊರತೆಯಿಲ್ಲ. ಕೋಮಳ ವಿಲಾಸ್ 1947ರಿಂದಲೂ ಇದೆ. ಉಂಡು ಅದೇ ರಸ್ತೆಯಲ್ಲಿ ನಡೆದರೆ ಮುಸ್ತಫಾ ಸೆಂಟರ್. ಚಾಕೊಲೇಟ್, ಸೆಂಟು, ವಾಚು, ಸೂಟ್‌ಕೇಸು ಎಲ್ಲವೂ ಒಂದೇ ಸೂರಿನಡಿ. ಮನೆಯಿಂದಲೇ ಪಟ್ಟಿ ಬರೆದು ಒಯ್ಯಿರಿ, ಇಲ್ಲವಾದರೆ ಸಂಜೆಯಾದರೂ ಹೊರಬರುವುದಿಲ್ಲ. ಮೊಬೈಲ್, ಕ್ಯಾಮೆರಾ ಕೊಳ್ಳುವ ಮುನ್ನ ಶಿವಮೊಗ್ಗದ ಬೆಲೆ ನೋಡಿ, ಭಾರತದಲ್ಲಿ ವಾರಂಟಿ ಸಿಗುತ್ತದೆಯೇ ಕೇಳಿ. ಚೌಕಾಶಿ ಮಾಡುವ ಆಸೆಯಿದ್ದರೆ ಎರಡು ನಿಲ್ದಾಣ ಮುಂದಿನ ಬುಗಿಸ್‌ನ ಬೀದಿ ಅಂಗಡಿಗಳಿವೆ.

ಸಂಜೆಗೆ ಬೇಫ್ರಂಟ್. ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ 25ರಿಂದ 50 ಮೀಟರ್ ಎತ್ತರದ ಕಬ್ಬಿಣದ ‘ಸೂಪರ್ ಟ್ರೀ’ಗಳ ಮೈತುಂಬ ನಿಜವಾದ ಗಿಡಬಳ್ಳಿ ಬೆಳೆಸಿದ್ದಾರೆ. 7.45ಕ್ಕೂ 8.45ಕ್ಕೂ ನಡೆಯುವ ಬೆಳಕು-ಸಂಗೀತದ ಪ್ರದರ್ಶನಕ್ಕೆ ದುಡ್ಡಿಲ್ಲ. ಮಳೆ ಯಾವಾಗ ಬೇಕಾದರೂ ಬರಬಹುದು, ಕೊಡೆ ಜೊತೆಗಿರಲಿ.

ಬಿಲ್‌ಗಳನ್ನು ಎಸೆಯಬೇಡಿ. ಅಲ್ಲಿನ ಜಿಎಸ್‌ಟಿ ಶೇ 9. ತೆರಿಗೆ ವಾಪಸ್ ಕೊಡುವ ಸೌಲಭ್ಯ ಇರುವ ಅಂಗಡಿಯಲ್ಲಿ 100 ಸಿಂಗಪುರ ಡಾಲರ್‌ಗೆ ಮೇಲ್ಪಟ್ಟು ಕೊಂಡರೆ ಪ್ರವಾಸಿಗರಿಗೆ ಆ ತೆರಿಗೆಯ ಬಹುಪಾಲು ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ದಾಖಲಿಸಿಕೊಳ್ಳಿ. ಕೊಂಡ ಸಾಮಾನು ದೊಡ್ಡ ಪೆಟ್ಟಿಗೆಯಲ್ಲಿದ್ದರೆ, ಚಾಂಗಿ ವಿಮಾನ ನಿಲ್ದಾಣದಲ್ಲಿ ಅದನ್ನು ವಿಮಾನ ಕಂಪನಿಯ ಕೌಂಟರಿಗೆ ಕೊಡುವ ಮೊದಲೇ ರೀಫಂಡ್ ಯಂತ್ರದ ಬಳಿ ಹೋಗಬೇಕು. ತಪಾಸಣೆಗೆ ಸಾಮಾನು ತೋರಿಸಿ ಎಂದರೆ ತೋರಿಸಲು ಅದು ನಿಮ್ಮ ಬಳಿಯೇ ಇರಬೇಕಲ್ಲ.